ಹಿತ್ತಿಲಿನಿಂದ ಕಿಟಕಿಗೆ

ಹಿತ್ತಿಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಹತ್ತಿರವಿರುವುದರ ಬೆಲೆ ನಮಗೆ ತಿಳಿಯದೆಂಬ ಅದರ ತಾತ್ಪರ್ಯವನ್ನು ಮೂವತ್ತು ವರ್ಷಕಾಲ ತರಗತಿಗಳಲ್ಲಿ ವಿವರಿಸುತ್ತ ಬಂದವನು ನಾನು. ಈಚೆಗೆ ಒಂದು ದಿನ ನನ್ನ ಮೊಮ್ಮಗಳು, "ತಾತ, ಹಿತ್ತಿಲು ಅಂದರೇನು?" ಎಂದು ಕೇಳಿದಳು. ಗಾದೆಯ ಅರ್ಧಭಾಗವೇ ಕುಸಿದುಬಿದ್ದಂತಾಯಿತು. ನಾವಿರುವುದು ಬಸವನಗುಡಿಯ ಒಂದು ಕಟ್ಟಡದ ಮೂರನೆಯ ಅಂತಸ್ತಿನಲ್ಲಿ. ಮದ್ದಿಗೆ ಕೊರತೆಯಿಲ್ಲ, ಕುಂಡಗಳಲ್ಲಿ ಗಿಡಗಳೂ ಉಂಟು, ಹಿತ್ತಿಲು ಮಾತ್ರ ಇಲ್ಲ. ಅಡುಗೆಮನೆಯ ಕಿಟಕಿಯ ಸರಳುಗಳ ಒಳಗೆ ಕೊತ್ತಂಬರಿ, ಪುದೀನ, ದೊಡ್ಡಪತ್ರೆ, ಒಂದೆಲಗ ಈ ನಾಲ್ಕನ್ನು ಸಾಲಾಗಿ ಇಟ್ಟುಕೊಂಡಿದ್ದೇವೆ. ಇವು ಹಿತ್ತಿಲಿನಿಂದ ಕಿಟಕಿಗೆ ಹತ್ತಿದ ಬಗೆಯನ್ನು ಹೇಳಹೊರಟರೆ ಅದು ಈ ಊರಿನ ಹಳೆಯ ಬಡಾವಣೆಗಳ ಚರಿತ್ರೆಯೇ ಆಗಿಬಿಡುತ್ತದೆ.

ಹಿತ್ತಿಲು ಅನಾದಿಯೆಂದು ನಾವು ಭಾವಿಸಿದ್ದೇವೆ. ಹಳ್ಳಿಗಳ ಮಟ್ಟಿಗೆ ಅದು ನಿಜವಿರಬಹುದು. ಬೆಂಗಳೂರಿನ ಮಟ್ಟಿಗೆ, ಈ ಬಡಾವಣೆಗಳ ಹಿತ್ತಿಲಿಗೆ ಹುಟ್ಟಿದ ಕಾಲ ಉಂಟು, ಹುಟ್ಟಿದ ಕಾರಣವೂ ಉಂಟು. ಕೆಂಪೇಗೌಡರ ಪೇಟೆಯಲ್ಲಿ ಮನೆಗೆ ಮನೆ ಭುಜ ತಾಗಿಸಿಕೊಂಡು ನಿಂತಿದ್ದವು. ಚಿಕ್ಕಪೇಟೆ, ಅಕ್ಕಿಪೇಟೆ, ತರಗುಪೇಟೆಗಳಲ್ಲಿ ಅಂಗಡಿಯ ಹಿಂದೆಯೇ ವಾಸ. ಬೆಳಕಿಗೆ ತೊಟ್ಟಿಯ ಬಾಯಿಯೊಂದೇ ದಾರಿ. ೧೮೯೨ರಲ್ಲಿ ಚಾಮರಾಜ ಒಡೆಯರ ಹೆಸರಿನಲ್ಲಿ ಚಾಮರಾಜಪೇಟೆ ಹುಟ್ಟಿಕೊಂಡಿತ್ತಾದರೂ ಪೇಟೆಯ ಜನ ಹೊರಗೆ ಹೋಗಲು ಅವಸರಪಟ್ಟಿರಲಿಲ್ಲ. ೧೮೯೮ರ ಆಗಸ್ಟಿನಲ್ಲಿ ಪ್ಲೇಗು ಬಂತು. ಇಲಿ ಬಿದ್ದ ಮನೆಯನ್ನು ಬಿಟ್ಟು ಜನ ಊರ ಹೊರಗಿನ ಗುಡಿಸಲುಗಳಿಗೆ ಹೋದರು. ಆ ಭಯದ ಬೆನ್ನಿನಲ್ಲಿಯೇ ದಕ್ಷಿಣಕ್ಕೆ ಬಸವನಗುಡಿ, ಉತ್ತರಕ್ಕೆ ಮಲ್ಲೇಶ್ವರ ಬೆಳೆದು ನಿಂತವು. ನೇರವಾದ ರಸ್ತೆ, ಗಾಳಿ ಆಡುವ ನಿವೇಶನ, ಮನೆಯ ಮುಂದೆ ಅಂಗಳ, ಹಿಂದೆ ಹಿತ್ತಿಲು, ಎರಡು ಸಾಲು ಹಿತ್ತಿಲುಗಳ ನಡುವೆ ಒಂದು ಕಿರುಗಲ್ಲಿ. ಕವಿಗಳು ಕೊಂಡಾಡಿದ ನಮ್ಮ ಹಿತ್ತಿಲು ಮೂಲತಃ ಆರೋಗ್ಯ ಇಲಾಖೆಯ ಕೂಸು ಎಂದರೆ ರಸಿಕರು ಮುನಿಯಬಾರದು.

ನಮ್ಮ ಅಜ್ಜಿ ತಮ್ಮ ಅತ್ತೆಯವರಿಂದ ಕೇಳಿದ್ದನ್ನು ಆಗಾಗ ಹೇಳುತ್ತಿದ್ದರು. ಪೇಟೆಯ ಮನೆಯಲ್ಲಿ ಒಂದು ಎಸಳು ಕರಿಬೇವಿಗೂ ತಿಗಳರ ಹೆಂಗಸು ಬುಟ್ಟಿ ಹೊತ್ತು ಬರುವವರೆಗೆ ಒಗ್ಗರಣೆ ಕಾಯಬೇಕಾಗಿತ್ತಂತೆ. ಬಸವನಗುಡಿಯ ನಿವೇಶನಕ್ಕೆ ಗೋಡೆ ಏಳುವ ಮೊದಲೇ ಆ ಮಹಾತಾಯಿ ಈಶಾನ್ಯದ ಬಾವಿಯ ಲೆಕ್ಕ ಒಂದು ಕಡೆ ಇಟ್ಟು, ಹಿಂದಿನ ಮೂಲೆಯಲ್ಲಿ ಕರಿಬೇವಿನ ಸಸಿಯೊಂದನ್ನು ನೆಡಿಸಿದರಂತೆ. ನಾನು ಕಂಡ ಕಾಲಕ್ಕೆ, ಎಂದರೆ ಸಾವಿರದ ಒಂಬೈನೂರ ಅರವತ್ತರ ದಶಕದಲ್ಲಿ, ಅದು ಹೆಂಚನ್ನು ಮೀರಿದ ಮರವಾಗಿತ್ತು. ಅದರ ಕಪ್ಪು ಹಣ್ಣಿಗೆ ಕೋಗಿಲೆ, ಪಿಕಳಾರಗಳು ಬರುತ್ತಿದ್ದವು.

ಆ ಹಿತ್ತಿಲಿನ ವ್ಯವಸ್ಥೆಯನ್ನು ಯಾರೂ ನಕ್ಷೆ ಬರೆದು ಮಾಡಿದ್ದಲ್ಲ, ನೀರು ಹರಿದಂತೆ ಆದದ್ದು. ಹೆಸರಘಟ್ಟದ ನೀರು ೧೮೯೬ರಿಂದಲೇ ಊರಿಗೆ ಬರುತ್ತಿದ್ದರೂ ಬಾವಿಯನ್ನು ಯಾರೂ ಮುಚ್ಚಿರಲಿಲ್ಲ. ಬಾವಿಕಟ್ಟೆಯ ಸುತ್ತ ಸದಾ ತೇವ. ಅಲ್ಲಿ ಒಂದೆಲಗ ತಾನೇ ತಾನಾಗಿ ಹಬ್ಬಿತ್ತು. ಬಟ್ಟೆ ಒಗೆಯುವ ಕಲ್ಲಿನಿಂದ ಹರಿದ ನೀರು ಬಾಳೆಗೆ, ಬಾಳೆಯ ಬುಡ ಮೀರಿದ್ದು ಕೆಸುವಿಗೆ. ಅಕ್ಕಿ ತೊಳೆದ ನೀರು ಮಾತ್ರ ಕರಿಬೇವಿಗೆ ಮೀಸಲು. ಹುಳಿ ಮಜ್ಜಿಗೆಯನ್ನೂ ಅದಕ್ಕೇ ಹಾಕುತ್ತಿದ್ದರು. ದೊಡ್ಡಪತ್ರೆ ಗೋಡೆಯ ಒಣ ಬದಿಯಲ್ಲಿ. ಅದರ ದಪ್ಪ ಎಲೆ ನೀರನ್ನು ತಾನೇ ಕೂಡಿಟ್ಟುಕೊಳ್ಳುತ್ತದೆ, ಮೇಲಿಂದ ಸುರಿದರೆ ಕೊಳೆಯುತ್ತದೆ. ಮಗುವಿಗೆ ನೆಗಡಿಯಾದರೆ ಅದರ ಎಲೆಯನ್ನು ಕೆಂಡದ ಮೇಲೆ ಬಾಡಿಸಿ ರಸ ಹಿಂಡುತ್ತಿದ್ದರು. ನೆಗಡಿ ಇಲ್ಲದವರಿಗೆ ತಂಬುಳಿ. ಇನ್ನು ಕೊತ್ತಂಬರಿ. ನಮ್ಮ ಹಿತ್ತಿಲಿನಲ್ಲಿ ಅದನ್ನು ಬೆಳೆದದ್ದನ್ನು ನಾನು ಕಂಡಿಲ್ಲ. ಅದು ಗಾಂಧಿಬಜಾರಿನ ಸೊತ್ತು. ತರಕಾರಿ ಕೊಂಡರೆ ಮೇಲೆ ಕೊಸರಾಗಿ ಬಂದು ಬೀಳುತ್ತಿದ್ದ ಸೊಪ್ಪಿಗೆ ಯಾರು ಪಾತಿ ಮಾಡುತ್ತಾರೆ?

ಮನೆಯ ಮುಂದಿನ ಅಂಗಳದಲ್ಲಿ ಬೇರೊಂದು ರಾಜ್ಯ. ಬೃಂದಾವನದಲ್ಲಿ ತುಲಸಿ, ಅದರ ಬದಿಯಲ್ಲಿ ಕಾಮಕಸ್ತೂರಿ, ಮರುಗ, ದವನ. ಇವು ದೇವರಿಗೆ, ಹೆಂಗಸರ ಜಡೆಗೆ. ನಮ್ಮ ಕಾವ್ಯಗಳ ಹೂದೋಟಗಳಲ್ಲಿ ಇವುಗಳ ಹೆಸರನ್ನು ಓದಿ ಓದಿಸಿದ ನನಗೆ ಎಷ್ಟೋ ಕಾಲ ತಿಳಿಯದಿದ್ದ ಸಂಗತಿಯೊಂದುಂಟು. ಇಟಲಿಯವರು ಊಟಕ್ಕೆ ಹಾಕುವ ಬೇಸಿಲ್ ನಮ್ಮ ಕಾಮಕಸ್ತೂರಿಯ ಜಾತಿಯದೇ. ಯುರೋಪಿನ ಅಡುಗೆಯ ಮಾರ್ಜೊರಾಮ್ ನಮ್ಮ ಮರುಗವೇ. ಅವರು ಬಾಣಲೆಗೆ ಹಾಕಿದ್ದನ್ನು ನಾವು ಮುಡಿದೆವು. ಈಗ ನಮ್ಮ ಕಟ್ಟಡದ ಹುಡುಗರು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಬೇಸಿಲ್ ತರಿಸುತ್ತಾರೆ. ಅದರ ನಂಟನನ್ನು ಗಾಂಧಿಬಜಾರಿನ ಹೂವಿನ ಅಂಗಡಿಯಲ್ಲಿ ಕಂಡರೆ ಗುರುತು ಹಿಡಿಯಲಾರರು. ನಾನೂ ಹಿಡಿದಿರಲಿಲ್ಲವೆಂದ ಮೇಲೆ ಅವರನ್ನು ಹಳಿಯುವ ಅಧಿಕಾರ ನನಗಿಲ್ಲ.

ಗಿಡವನ್ನೂ ಅಡುಗೆಯನ್ನೂ ಒಟ್ಟಿಗೆ ನೋಡುವ ದೃಷ್ಟಿ ಕನ್ನಡಕ್ಕೆ ಹೊಸದಲ್ಲ. ಹನ್ನೊಂದನೆಯ ಶತಮಾನದ ಎರಡನೆಯ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದಕ್ಕೂ ಸೂಪಶಾಸ್ತ್ರಕ್ಕೂ ಒಂದೇ ಗ್ರಂಥದ ಒಳಗೆ ಎಡೆಯುಂಟು. ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸ ಅಡುಗೆಯನ್ನೇ ವಸ್ತುವಾಗಿಸಿ 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲಿ ಬರೆದ. ಆದರೆ ಬಾವಿಕಟ್ಟೆಯ ಒಂದೆಲಗದ ಶಾಸ್ತ್ರ ಗ್ರಂಥಸ್ಥವಾಗಲಿಲ್ಲ. ಅತ್ತೆಯಿಂದ ಸೊಸೆಗೆ ಬಾಯಿಮಾತಿನಲ್ಲಿ ಇಳಿದು ಬಂತು. ಹಿತ್ತಿಲು ಹೋದೊಡನೆ ಅದು ಅರ್ಧ ಹೋಯಿತು.

ಇಷ್ಟು ಹೇಳಿ ನಿಲ್ಲಿಸಿದರೆ ಕೇಳುವುದಕ್ಕೆ ಸೊಗಸಾಗಿರುತ್ತದೆ. ಚರಿತ್ರೆಗೆ ಅಪಚಾರವಾಗುತ್ತದೆ. ಹಿತ್ತಿಲ ಕೊನೆಯಲ್ಲಿ ಪಾಯಿಖಾನೆಯಿತ್ತು. ಅದರ ಹಿಂದಿನ ಕಿಂಡಿ ತೆರೆಯುತ್ತಿದ್ದುದು ಆ ಕಿರುಗಲ್ಲಿಗೆ. ಸರ್ಕಾರಿ ಕಾಗದದಲ್ಲಿ ಅದು ಕನ್ಸರ್ವೆನ್ಸಿ ಲೇನ್; ಬೆಳಗಿನ ಜಾವದಲ್ಲಿ ತಲೆಯ ಮೇಲೆ ಮಲವನ್ನು ಹೊತ್ತು ನಡೆದವರ ದಾರಿ. ನಮ್ಮ ಮನೆಯ ಶುಚಿಯನ್ನು ಹೊತ್ತವರು ನಮ್ಮ ಬಾವಿಯನ್ನು ಮುಟ್ಟುವಂತಿರಲಿಲ್ಲ. ಬಿ. ಬಸವಲಿಂಗಪ್ಪನವರ ಹೆಸರು ಸಾಹಿತ್ಯದವರಾದ ನಮಗೆ ೧೯೭೩ರ ಬೂಸಾ ಪ್ರಕರಣದಿಂದ ನೆನಪಿನಲ್ಲಿದೆ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದ ಮಂತ್ರಿಯೂ ಅವರೇ ಎಂಬುದನ್ನು ನಮ್ಮ ಪೀಳಿಗೆಯ ಕನ್ನಡ ಅಧ್ಯಾಪಕರು ತರಗತಿಯಲ್ಲಿ ಎಷ್ಟು ಜನ ಹೇಳಿದೆವು? ನಾನು ಹೇಳಲಿಲ್ಲ.

ಅದೇ ಹಿತ್ತಿಲ ಬಾಗಿಲ ಹೊರಗೆ ತಿಂಗಳಿಗೆ ಮೂರು ದಿನ ನಮ್ಮ ಅತ್ತೆ ಒಬ್ಬರೇ ಕುಳಿತಿರುತ್ತಿದ್ದರು. ಮಳೆ ಬಂದರೆ ಚಾಪೆಯನ್ನು ಗೋಡೆಯ ಕಡೆಗೆ ಸರಿಸಿಕೊಳ್ಳುವರು. ಗಿಡಗಳನ್ನು ಮುಟ್ಟಿದರೆ ಬಾಡುತ್ತವೆಂದು ಅವರಿಗೆ ಅಪ್ಪಣೆ. ಯಾರೂ ಇಲ್ಲದಾಗ ಅವರು ದೊಡ್ಡಪತ್ರೆಯ ಎಲೆಯೊಂದನ್ನು ಕಿತ್ತು ಬಾಯಿಗೆ ಹಾಕಿಕೊಂಡದ್ದನ್ನು ನಾನು ಕಂಡಿದ್ದೇನೆ. ಗಿಡ ಬಾಡಲಿಲ್ಲ. ಹಿತ್ತಿಲು ಹೋಯಿತೆಂದು ನಾನು ಕೊರಗಿದಾಗಲೆಲ್ಲ ನನ್ನ ತಂಗಿ ಆ ಚಾಪೆಯನ್ನು ನೆನಪಿಸುತ್ತಾಳೆ.

ಹಿತ್ತಿಲುಗಳು ಒಂದು ದಿನದಲ್ಲಿ ಹೋದದ್ದಲ್ಲ. ಮೊದಲು ಒಳಚರಂಡಿ ಬಂದು ಗಲ್ಲಿ ಕೆಲಸವಿಲ್ಲದೆ ನಿಂತಿತು. ೧೯೭೪ರಲ್ಲಿ ಕಾವೇರಿ ನೀರು ಬಂತು, ಬಾವಿಗಳಿಗೆ ಚಪ್ಪಡಿ ಬಿತ್ತು. ಹಿಂದೆ ಒಂದು ಬಾಡಿಗೆಯ ಕೋಣೆ ಎದ್ದಿತು, ಆಮೇಲೆ ಎರಡು. ಅಣ್ಣತಮ್ಮಂದಿರ ಪಾಲಾಯಿತು. ನಮ್ಮ ಮನೆಯನ್ನು ಕೆಡವಿದ್ದು ೨೦೦೪ರಲ್ಲಿ. ಕರಿಬೇವಿನ ಮರವನ್ನು ಕಡಿದ ದಿನ ಅಮ್ಮ ಅಡುಗೆಗೆ ಒಗ್ಗರಣೆ ಹಾಕಲಿಲ್ಲ. ಯಾರೂ ಅದರ ಮಾತೆತ್ತಲಿಲ್ಲ.

ಕಿಟಕಿಯ ಕೃಷಿಯನ್ನು ನಾನು ಹಿಡಿದದ್ದು ನಿವೃತ್ತಿಯ ಅನಂತರ. ಮೊದಲ ವರ್ಷ ಎಲ್ಲವೂ ಸತ್ತವು. ಕೊತ್ತಂಬರಿಯನ್ನು ಇಡಿಯಾಗಿ ಬಿತ್ತಿ ಮೂರು ವಾರ ಮಣ್ಣನ್ನು ನೋಡುತ್ತ ಕುಳಿತೆ. ನಾವು ಬೀಜವೆನ್ನುವುದು ವಾಸ್ತವವಾಗಿ ಒಂದು ಒಣ ಕಾಯಿ, ಅದರೊಳಗೆ ಬೀಜ ಎರಡು. ಮೃದುವಾಗಿ ಉಜ್ಜಿ ಹೋಳು ಮಾಡಿ, ಒಂದು ರಾತ್ರಿ ನೆನೆಸಿ ಬಿತ್ತಬೇಕೆಂದು ಹೇಳಿಕೊಟ್ಟವನು ಸಿದ್ದಾಪುರದ ಸಸ್ಯಕೇಂದ್ರದ ಒಬ್ಬ ಹುಡುಗ. ಕಿಟಕಿ ಪೂರ್ವಕ್ಕಿದ್ದು ನಾಲ್ಕು ಗಂಟೆಯಾದರೂ ಬಿಸಿಲು ಬಿದ್ದರೆ ಅದು ಬದುಕುತ್ತದೆ. ಏಪ್ರಿಲಿನ ಸೆಕೆಗೆ ಸೊಪ್ಪು ಬಿಡುವುದನ್ನು ಬಿಟ್ಟು ಹೂವಿಗೆ ಏಳುತ್ತದೆ, ಆಗ ಅದನ್ನು ತಡೆಯಲಾಗದು. ಪುದೀನ ಅಂಗಡಿಯಿಂದ ತಂದ ಕಂತೆಯ ದಂಟಿನಿಂದಲೇ ಬೇರು ಬಿಡುತ್ತದೆ, ಆದರೆ ಕುಂಡದಲ್ಲಿ ಇನ್ನೊಬ್ಬರನ್ನು ಸಹಿಸುವುದಿಲ್ಲ. ಬಿಸಿಲು ಕಡಿಮೆಯಾದರೂ ಗೊಣಗದ ಗಿಡ ಒಂದೆಲಗ. ಅಗಲವಾದ ತಟ್ಟೆಯಂಥ ಕುಂಡದಲ್ಲಿ ಮಣ್ಣು ಆರದಂತೆ ನೋಡಿಕೊಂಡರಾಯಿತು. ಮೊಮ್ಮಗಳು ಅದರ ಒಂದೊಂದು ತೊಟ್ಟಿಗೂ ಒಂದೇ ಎಲೆಯಿರುವುದನ್ನು ಎಣಿಸಿ ನೋಡಿ, ಹೆಸರನ್ನು ತಾನೇ ಬಿಡಿಸಿ ಅರ್ಥ ಹೇಳಿದಳು.

ಕರಿಬೇವು ಮಾತ್ರ ಒಗ್ಗಲಿಲ್ಲ. ಎರಡು ಸಸಿ ತಂದೆ. ಡಿಸೆಂಬರಿನ ಚಳಿಗೆ ಎಲೆ ಉದುರಿಸಿ ನಿಂತವು, ನಾನು ಕನಿಕರದಿಂದ ನೀರು ಸುರಿದು ಬೇರು ಕೊಳೆಸಿದೆ. ತೊಂಬತ್ತರ ಹತ್ತಿರವಿರುವ ಅಮ್ಮ ಅಂಗಡಿಯ ಕರಿಬೇವನ್ನು ಮೂಸಿ ನೋಡಿ ಬದಿಗಿಡುತ್ತಾರೆ. "ಇದರಲ್ಲಿ ಏನಿದೆಯೋ? ಬರೀ ಬಣ್ಣ" ಎನ್ನುತ್ತಾರೆ.

ಕಳೆದ ಯುಗಾದಿಯ ಹೊತ್ತಿಗೆ ಗಲ್ಲಿಯ ಆಚೆ ಮನೆಯ ಹಿರಿಯ ಹೆಂಗಸೊಬ್ಬರು ಅಮ್ಮನನ್ನು ನೋಡಲು ಬಂದರು. ಅವರ ಮನೆ ಇನ್ನೂ ಹಳೆಯದೇ, ಹಿಂದೆ ನಾಲ್ಕು ಗಜ ಮಣ್ಣು ಉಳಿದಿದೆ. ಕೈಯಲ್ಲಿ ಬಣ್ಣದ ಹಳೆಯ ಡಬ್ಬ, ಅದರಲ್ಲಿ ಗೇಣುದ್ದದ ಕರಿಬೇವು. ನಮ್ಮ ಮರದ ಬೇರಿನಿಂದ ಗೋಡೆಯ ಕೆಳಗೆ ಹಾಯ್ದು ಎದ್ದ ಮರಿಯೊಂದನ್ನು ಅಮ್ಮನೇ ಮಣ್ಣಿನ ಸಮೇತ ಕಿತ್ತು ಅವರಿಗೆ ಕೊಟ್ಟಿದ್ದರಂತೆ, ಅವರ ಮಗಳ ಮದುವೆಯ ವರ್ಷ. ಅಮ್ಮನಿಗೆ ಅದು ಮರೆತೇಹೋಗಿತ್ತು. ಈಗ ಆ ಮರಿ ಮರವಾಗಿ, ಅದರ ಬೇರಿನಿಂದ ಎದ್ದ ಮರಿ ಇದು. ಬೇರಿನಿಂದ ಹುಟ್ಟಿದ್ದು ಬೀಜದ ಸಂತಾನದಂತೆ ಬೇರೆಯಲ್ಲ, ಅದೇ ಮರದ ಮುಂದುವರಿಕೆ ಎಂದು ಸಸ್ಯಶಾಸ್ತ್ರದವರು ಹೇಳುತ್ತಾರೆ.

ಡಬ್ಬವನ್ನು ಪೂರ್ವದ ಕಿಟಕಿಗೆ ಇಟ್ಟಿದ್ದೇನೆ. ತಳಕ್ಕೆ ಮೊಳೆಯಿಂದ ತೂತು ಹೊಡೆದಾಯಿತು. ಅಕ್ಕಿ ತೊಳೆದ ನೀರಿನ ಪಾಳಿ ಮೊಮ್ಮಗಳದು. ಐದು ಹೊಸ ಎಸಳು ಬಿಟ್ಟಿದೆ. ಸಾರಿಗೆ ಒಂದನ್ನು ಕೀಳೋಣವೆಂದು ನಿನ್ನೆ ಕೈಚಾಚಿದರೆ ಅಮ್ಮ ಒಳಗಿನಿಂದಲೇ, "ಈ ವರ್ಷ ಬೇಡ" ಎಂದರು.