ಓಲೆಗರಿಯ ಆಯುರ್ದಾಯ

ಹಿಂದೆ ಬೇರೆಯೇ ಗ್ರಾಮವಾಗಿದ್ದು ಈಗ ಮೈಸೂರು ನಗರದೊಡನೆ ಬೆರೆತುಹೋಗಿರುವ ಬೋಗಾದಿಯಿಂದ ಪೇಟೆಯ ಕಡೆಗೆ ಹೊರಟವರಿಗೆ ಎರಡು ಸರಸ್ವತೀಭಂಡಾರಗಳು ದೊರೆಯುತ್ತವೆ. ಮೊದಲನೆಯದು ಮಾನಸಗಂಗೋತ್ರಿಯಲ್ಲಿರುವ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯ ಹಸ್ತಪ್ರತಿಗಳ ಸಂಗ್ರಹ. ಇನ್ನೂ ಮುಂದೆ ಹೋದರೆ ಕೃಷ್ಣರಾಜ ಬುಲೆವಾರ್ಡಿನಲ್ಲಿರುವ ಪ್ರಾಚ್ಯವಿದ್ಯಾ ಸಂಶೋಧನಾಲಯ. ಎರಡೂ ಒಂದೇ ತಾಯಿಯ ಮಕ್ಕಳೆನ್ನಬಹುದು. 1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆಯು ಏರ್ಪಟ್ಟಾಗ ಕನ್ನಡದ ಓಲೆಗಳು ಅಲ್ಲಿಗೆ ಹೋದುವು, ಸಂಸ್ಕೃತದವು ಹಳೆಯ ಮನೆಯಲ್ಲಿಯೇ ಉಳಿದುವು.

ಆ ಹಳೆಯ ಮನೆಯ ವೃತ್ತಾಂತವು ಸಂಕ್ಷೇಪವಾಗಿ ಹೀಗಿದೆ. ವಿಕ್ಟೋರಿಯಾ ರಾಣಿಯು ಪಟ್ಟಕ್ಕೆ ಬಂದು ಐವತ್ತು ವರ್ಷ ತುಂಬಿದ ನೆನಪಿಗಾಗಿ 1887ರಲ್ಲಿ ಕಟ್ಟಡಕ್ಕೆ ಅಸ್ತಿಭಾರವನ್ನಿಟ್ಟರು. ಶ್ರೀ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1891ರಲ್ಲಿ, ‘ಓರಿಯಂಟಲ್ ಲೈಬ್ರರಿ’ ಎಂಬ ಹೆಸರಿನಿಂದ ಪುಸ್ತಕ ಭಂಡಾರವು ಆರಂಭವಾಯಿತು. 1916ರಲ್ಲಿ ವಿಶ್ವವಿದ್ಯಾನಿಲಯವು ಸ್ಥಾಪಿತವಾದ ಮೇಲೆ ಅದರ ಆಡಳಿತಕ್ಕೆ ಸೇರಿತು. 1943ರಲ್ಲಿ ಈಗಿನ ಹೆಸರನ್ನು ಪಡೆಯಿತು. ಸಾವಿರಗಟ್ಟಲೆ ಕಟ್ಟುಗಳು ಅಲ್ಲಿವೆ. ಒಂದೊಂದು ಕಟ್ಟಿನಲ್ಲಿ ಹಲವು ಗ್ರಂಥಗಳಿರುವುದೂ ಉಂಟು. ಭಾಷೆಯು ಬಹುಮಟ್ಟಿಗೆ ಸಂಸ್ಕೃತವಾದರೂ ಲಿಪಿಯು ಒಂದೇ ಅಲ್ಲ: ಕನ್ನಡ, ತೆಲುಗು, ಗ್ರಂಥ, ನಂದಿನಾಗರಿ ಮೊದಲಾದ ಬಗೆಬಗೆಯ ಬರೆವಣಿಗೆಗಳನ್ನು ಅಲ್ಲಿ ಕಾಣಬಹುದು.

ನೋಡಲು ಹೋದವರಿಗೆ ಮೊದಲು ಕಣ್ಣಿಗೆ ಬೀಳುವುದು ವೈಭವವಲ್ಲ. ಎರಡು ಮರದ ಹಲಗೆಗಳ ನಡುವೆ ಅಡಕವಾಗಿರುವ ಗೇಣುದ್ದದ ಗರಿಗಳು. ಅವುಗಳ ರಂಧ್ರದಲ್ಲಿ ಪೋಣಿಸಿದ ದಾರ. ಗರಿಯನ್ನು ಬೇಯಿಸಿ, ಒಣಗಿಸಿ, ನಯಮಾಡಿ, ಕಬ್ಬಿಣದ ಕಂಠದಿಂದ ಅಕ್ಷರಗಳನ್ನು ಕೊರೆಯುತ್ತಿದ್ದರು. ಕೊರೆದದ್ದು ಬರಿಗಣ್ಣಿಗೆ ಚೆನ್ನಾಗಿ ಕಾಣುವುದಿಲ್ಲ; ಮಸಿಯನ್ನು ಎಣ್ಣೆಯಲ್ಲಿ ಕಲಸಿ ಬಳಿದು ಒರಸಿದಾಗಲೇ ಸಾಲು ಎದ್ದು ನಿಲ್ಲುತ್ತದೆ. ಕನ್ನಡದ ಅಕ್ಷರಗಳು ದುಂಡಗಾದುದು, ಉದ್ದಗೆರೆಯನ್ನೆಳೆದರೆ ಗರಿಯು ನಾರಿನ ಜಾಡಿನಲ್ಲಿ ಸೀಳುವುದೆಂಬ ಭಯದಿಂದಲೇ ಎಂದು ಹೇಳುವವರುಂಟು.

ಈ ಭಂಡಾರದ ಕೀರ್ತಿಗೆ ಕಾರಣವಾದುದು ಕೌಟಿಲ್ಯನ ಅರ್ಥಶಾಸ್ತ್ರ. ದಂಡಿಯು ದಶಕುಮಾರಚರಿತದಲ್ಲಿ ಅದರ ಪ್ರಮಾಣವನ್ನು ಆರು ಸಾವಿರ ಶ್ಲೋಕಗಳೆಂದು ಹೇಳಿದ್ದನು. ಬಾಣನು ಕಾದಂಬರಿಯಲ್ಲಿ ಅದರ ಕ್ರೌರ್ಯವನ್ನು ಹಳಿದಿದ್ದನು. ಕಾಮಂದಕನು ತನ್ನ ನೀತಿಸಾರದ ಮೊದಲಿಗೇ ವಿಷ್ಣುಗುಪ್ತನಿಗೆ ನಮಸ್ಕರಿಸಿದ್ದನು. ಹೀಗೆ ಹೆಸರೆಲ್ಲ ವಿದ್ವಾಂಸರ ನಾಲಗೆಯ ಮೇಲೆ. ಗ್ರಂಥ ಮಾತ್ರ ಅವರ ಕೈಯಲ್ಲಿಲ್ಲ. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಗ್ರಂಥಲಿಪಿಯಲ್ಲಿದ್ದ ಒಂದು ಪ್ರತಿಯನ್ನೂ, ಭಟ್ಟಸ್ವಾಮಿಯ ವ್ಯಾಖ್ಯಾನದ ಒಂದು ತುಣುಕನ್ನೂ ಮೈಸೂರಿನ ಭಂಡಾರಕ್ಕೆ ತಂದೊಪ್ಪಿಸಿದರು. ಅಲ್ಲಿ ಪುಸ್ತಕಗಳ ಪಾಲಕರಾಗಿದ್ದವರು ಕಾವೇರೀತೀರದ ರುದ್ರಪಟ್ಟಣದಲ್ಲಿ ಹುಟ್ಟಿದ ಆರ್. ಶಾಮಶಾಸ್ತ್ರಿಗಳು. ಅವರು ಅದನ್ನು ಓದಿ, ಇದೇ ಆ ಗ್ರಂಥವೆಂದು ಗುರುತಿಸಿ, 1905ರಿಂದ ಭಾಗಭಾಗವಾಗಿ ಇಂಗ್ಲಿಷಿಗೆ ತಂದು ಪ್ರಕಟಿಸತೊಡಗಿದರು. ಮೂಲವು 1909ರಲ್ಲಿ ಅಚ್ಚಾಯಿತು. ಸಮಗ್ರ ಭಾಷಾಂತರವು 1915ರಲ್ಲಿ ಹೊರಬಂದಿತು. ಹದಿನೈದು ಅಧಿಕರಣ, ನೂರೈವತ್ತು ಅಧ್ಯಾಯ, ನೂರೆಂಬತ್ತು ಪ್ರಕರಣಗಳ ಮಹಾಶಾಸ್ತ್ರವು ಒಂದು ಕಟ್ಟಿನಿಂದ ಎದ್ದು ಬಂದಂತಾಯಿತು.

‘ಕಳೆದುಹೋಗಿದ್ದ ಗ್ರಂಥವು ದೊರೆಯಿತು’ ಎಂದು ಈ ಸಂಗತಿಯನ್ನು ಕೊಂಡಾಡುವುದು ವಾಡಿಕೆ. ಅದು ಅರ್ಧ ಮಾತ್ರ ನಿಜ. ತಂಜಾವೂರಿನ ಒಂದು ಮನೆಯಲ್ಲಿ ಅದು ಕಳೆದುಹೋಗಿರಲಿಲ್ಲ. ಕೇರಳದಲ್ಲಿಯೂ ಕಳೆದುಹೋಗಿರಲಿಲ್ಲ, ಅಲ್ಲಿ ಅದಕ್ಕೆ ಮಲಯಾಳದ ವ್ಯಾಖ್ಯಾನವೇ ಇದ್ದಿತು, ತಿರುವನಂತಪುರದ ಟಿ. ಗಣಪತಿಶಾಸ್ತ್ರಿಗಳು 1924–25ರ ತಮ್ಮ ಮುದ್ರಣದಲ್ಲಿ ಅದನ್ನು ಬಳಸಿಕೊಂಡರು. ಆಮೇಲೆ ಗುಜರಾತಿನ ಪಾಟಣದ ಜೈನಭಂಡಾರದಲ್ಲಿಯೂ ಒಂದು ಖಂಡವು ಕಂಡುಬಂದಿತು. ತಾಳೆಯ ಓಲೆಯು ದಕ್ಷಿಣದೇಶದ ಸೆಕೆ, ತೇವ, ಗೆದ್ದಲುಗಳಿಗೆ ಸಿಕ್ಕಿ ಮುನ್ನೂರು ನಾನೂರು ವರ್ಷಗಳಿಗಿಂತ ಹೆಚ್ಚು ಬಾಳುವುದು ಅಪೂರ್ವ. ಸಾವಿರ ವರ್ಷದ ಓಲೆಗಳನ್ನು ನೋಡಬೇಕಾದರೆ ನೇಪಾಳದ ಚಳಿಸೀಮೆಗೇ ಹೋಗಬೇಕು. ಅರ್ಥಶಾಸ್ತ್ರದ ಕಾಲವಿಚಾರದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಕಡಮೆಯೆಂದು ಹದಿನೇಳು ಶತಮಾನಗಳನ್ನೇ ಎಣಿಸಿದರೂ, ಐದಾರು ಸಲವಾದರೂ ಯಾರೋ ಒಬ್ಬರು ಕುಳಿತು ಆರು ಸಾವಿರ ಶ್ಲೋಕದ ಗಾತ್ರವನ್ನು ಹಳೆಯ ಗರಿಯಿಂದ ಹೊಸ ಗರಿಗೆ ಇಳಿಸಿರಬೇಕು. ನಡುವೆ ಒಂದು ತಲೆಮಾರು ಬೇಸತ್ತಿದ್ದರೆ ಶಾಮಶಾಸ್ತ್ರಿಗಳಿಗೆ ಓದಲು ಏನೂ ಇರುತ್ತಿರಲಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆಯು ಬಹುದೂರದ ಐಸ್‌ಲೆಂಡ್ ದ್ವೀಪದಲ್ಲಿದೆ. ಅಲ್ಲಿಯ ಪೂರ್ವಿಕರು ತಮ್ಮ ದೇವತೆಗಳ ಹಾಡುಗಳನ್ನೂ ವೀರರ ಕಥೆಗಳನ್ನೂ ಕರುವಿನ ಚರ್ಮದ ಮೇಲೆ ಬರೆದಿಟ್ಟರು. ಈ ಮಾತನ್ನು ಕೇಳಿ ಕಾವೇರೀತೀರದ ವೈದಿಕರು ಕಿವಿ ಮುಚ್ಚಿಕೊಂಡಾರು. ತಾಳೆಮರವಿಲ್ಲದ ಹಿಮದ ನಾಡಿನಲ್ಲಿ ಬೇರೆ ಗತಿ ಏನಿದ್ದಿತು? 1387ರಲ್ಲಿ ಬರೆಯಲಾರಂಭಿಸಿದ ‘ಫ್ಲಾಟೆಯಾರ್‌ಬೋಕ್’ ಎಂಬ ಒಂದು ಪುಸ್ತಕಕ್ಕೇ ನೂರಹದಿಮೂರು ಕರುಗಳ ಚರ್ಮ ಹಿಡಿಯಿತೆಂದು ಗಣಿಸಿದ್ದಾರೆ. ಆದರೆ ಚರ್ಮವು ದೀರ್ಘಾಯು. ದೇವತೆಗಳ ಹಾಡುಗಳಿರುವ, ಸುಮಾರು 1270ರ ‘ರಾಜಪುಸ್ತಕ’ವು ಎಂಟು ಹಾಳೆಗಳನ್ನು ಕಳೆದುಕೊಂಡಿದ್ದರೂ ಇಂದಿಗೂ ಅದೇ ಪ್ರತಿಯೇ. 1662ರಲ್ಲಿ ಒಬ್ಬ ಬಿಷಪ್ಪನು ಅದನ್ನು ಡೆನ್ಮಾರ್ಕಿನ ಅರಸನಿಗೆ ಕಳುಹಿಸಿದನು. 1971ರ ಏಪ್ರಿಲ್ 21ರಂದು ಎರಡು ಪುಸ್ತಕಗಳೂ ಹಡಗಿನಲ್ಲಿ ಹಿಂದಿರುಗಿದಾಗ ರೇಕ್ಯಾವಿಕ್ ಬಂದರಿನಲ್ಲಿ ಜನಸಮುದ್ರವೇ ನೆರೆದಿದ್ದಿತು. ಅಲ್ಲಿ ವಸ್ತುವನ್ನು ಕಾಪಾಡಿದರೆ ಪಾಠವೂ ಉಳಿಯುತ್ತದೆ. ಇಲ್ಲಿ ವಸ್ತುವು ಸಾಯುತ್ತದೆಂದು ಮೊದಲೇ ಒಪ್ಪಿಕೊಂಡು ಪಾಠವನ್ನು ದಾಟಿಸುತ್ತಿದ್ದರು.

ಅಚ್ಚಿನ ಯಂತ್ರವು ಬಂದ ಮೇಲೆ ಕಂಠವನ್ನು ಹಿಡಿಯುವ ಕೈ ನಿಂತುಹೋಯಿತು. ಅಚ್ಚಾದ ಗ್ರಂಥಗಳಿಗೆ ಇದರಿಂದ ಲಾಭವೇ ಆಯಿತು. ಅಚ್ಚಾಗದವುಗಳ ಗತಿ ಬೇರೆ: ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಇಳಿಸಿದ ಪ್ರತಿಯೇ ಅವುಗಳ ಕೊನೆಯ ಪ್ರತಿ, ಅವುಗಳ ಆಯುಸ್ಸೂ ವರ್ಷವರ್ಷಕ್ಕೆ ಸವೆಯುತ್ತಿದೆ. ಭಾರತ ಸರ್ಕಾರವು 2003ರಲ್ಲಿ ಹಸ್ತಪ್ರತಿಗಳಿಗಾಗಿಯೇ ರಾಷ್ಟ್ರೀಯ ಯೋಜನೆಯೊಂದನ್ನು ಹೂಡಿ ಪಟ್ಟಿ ಮಾಡುವ, ಛಾಯಾಚಿತ್ರ ತೆಗೆಯುವ ಕೆಲಸಕ್ಕೆ ಕೈಹಾಕಿತು. ಅದು ಸ್ತುತ್ಯವೇ. ಆದರೆ ಚಿತ್ರವು ಗರಿಯನ್ನು ಉಳಿಸೀತು. ನಂದಿನಾಗರಿಯನ್ನೂ ಗ್ರಂಥಲಿಪಿಯನ್ನೂ ಬಲ್ಲ ಕಣ್ಣನ್ನು ಅದು ಹುಟ್ಟಿಸಲಾರದು. ಶಾಮಶಾಸ್ತ್ರಿಗಳ ಮುಂದೆ ಬಂದ ಕಟ್ಟು ಆ ಲಿಪಿಯನ್ನರಿಯದವರ ಮುಂದೆ ಬಂದಿದ್ದರೆ ಅದಕ್ಕೊಂದು ಸಂಖ್ಯೆ ದೊರೆಯುತ್ತಿತ್ತು, ಅಷ್ಟೆ.

ಪೂಜ್ಯಭಾವವೊಂದರಿಂದಲೇ ಗ್ರಂಥವು ಬಾಳುವುದೆಂಬುದೂ ಸಂದೇಹ. ಮೂಡಬಿದಿರೆಯ ಬಸದಿಯಲ್ಲಿದ್ದ ಧವಲಾ, ಜಯಧವಲಾ ಗ್ರಂಥಗಳನ್ನು ಯಾತ್ರಿಕರು ಬಹುಕಾಲ ದೇವರಂತೆ ದರ್ಶನಮಾಡಿ ಹೋಗುತ್ತಿದ್ದರು. ಹಳಗನ್ನಡ ಲಿಪಿಯ ಆ ಓಲೆಗಳಿಂದ ಪ್ರತಿಗಳನ್ನು ತೆಗೆದ ಮೇಲೆಯೇ ಧವಲೆಯ ಮೊದಲ ಸಂಪುಟವು 1939ರಲ್ಲಿ ಅಚ್ಚಾಗಿ ಜನರ ಕೈಸೇರಿತು. ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ನವರಾತ್ರಿಯ ಸರಸ್ವತೀಪೂಜೆಗೆ ಅಟ್ಟದಿಂದ ಇಳಿದು ಬರುವ ಕಟ್ಟಿಗೆ ಅರಿಸಿನ ಕುಂಕುಮಗಳುಂಟು, ದಾರವನ್ನು ಬಿಚ್ಚುವವರಿಲ್ಲ. ಪೂಜೆಯ ಎಣ್ಣೆದೀಪವೇ ಅದಕ್ಕೆ ಒಂದು ಶತ್ರು. ಅಣ್ಣತಮ್ಮಂದಿರು ಪಾಲಿಗೆ ಬಂದುದೆಂದು ಗರಿಗಳನ್ನು ಹಂಚಿಕೊಳ್ಳುವುದು ಇನ್ನೊಂದು.

ಅಂಥ ಕಟ್ಟನ್ನು ಭಂಡಾರಕ್ಕೆ ಒಯ್ಯುವವರು ಮುಖ್ಯವಾಗಿ ಕಡೆಯ ಗರಿಯನ್ನು ಜೋಪಾನಮಾಡಬೇಕು. ಹೊರಮೈಯಲ್ಲಿರುವುದರಿಂದ ಮೊದಲು ಮುರಿಯುವುದು ಅದೇ. ಲಿಪಿಕಾರನು ತನ್ನ ಹೆಸರು, ಊರು, ಸಂವತ್ಸರ, ಮಾಸ, ತಿಥಿಗಳನ್ನು ಬರೆಯುತ್ತಿದ್ದುದೂ ಅಲ್ಲಿಯೇ. ಹಲವೆಡೆ ಶಕವರ್ಷವಿಲ್ಲದೆ ಸಂವತ್ಸರದ ಹೆಸರೊಂದೇ ಇರುತ್ತದೆ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳಿ ಬರುವುದರಿಂದ, ಯಾವ ಸುತ್ತಿನದೆಂಬುದನ್ನು ಅಕ್ಷರದ ಮೋಡಿಯಿಂದಲೂ ಗರಿಯ ಬಣ್ಣದಿಂದಲೂ ಬಲ್ಲವರು ಊಹಿಸುತ್ತಾರೆ.