ಬಡ್ಡಿ ಹಾಲಿಯ ಒಗೆಯದ ಬಟ್ಟೆಗಳು

ಯಾವುದೇ ಗಾಯಕನ ಜೀವನಚರಿತ್ರೆ ಕೈಗೆ ಸಿಕ್ಕರೂ ನಾನು ಮೊದಲು ಹುಡುಕುವುದು ಪ್ರವಾಸದ ವೇಳಾಪಟ್ಟಿಯನ್ನು. ಕಲಾವಿದರ ದುಡಿಮೆಯ ಚರಿತ್ರೆ ನನ್ನ ಪಿಎಚ್‌ಡಿ ವಿಷಯವಾದ್ದರಿಂದ ಅಂಟಿಕೊಂಡ ಚಾಳಿ ಇದು. ಎಲ್ಲಿ ಹಾಡಿದ, ಎಲ್ಲಿ ಮಲಗಿದ, ಮುಂದಿನ ಊರಿಗೆ ಹೇಗೆ ಹೋದ, ದುಡ್ಡು ಕೈಗೆ ಬಂತೇ ಎಂಬ ಪ್ರಶ್ನೆಗಳನ್ನು ಹಿಡಿದು ಹೋದರೆ ತಾರೆಯ ಹಿಂದೆ ಒಬ್ಬ ಕೆಲಸಗಾರ ಕಾಣಿಸುತ್ತಾನೆ. ಐವತ್ತರ ದಶಕದ ರಾಕ್ ಅಂಡ್ ರೋಲ್ ಗಾಯಕ ಬಡ್ಡಿ ಹಾಲಿಯ ಮಟ್ಟಿಗಂತೂ ಈ ಮಾತು ನಿಜ.

1936ರಲ್ಲಿ ಟೆಕ್ಸಾಸ್‌ನ ಲಬಕ್‌ನಲ್ಲಿ ಹುಟ್ಟಿದ ಹಾಲಿಗೆ ಮೊದಲ ಅವಕಾಶ ಕೊಟ್ಟದ್ದು ಡೆಕ್ಕಾ ಕಂಪನಿ. 1956ರಲ್ಲಿ ನ್ಯಾಶ್‌ವಿಲ್‌ನಲ್ಲಿ ಮಾಡಿದ ರೆಕಾರ್ಡುಗಳು ಓಡಲಿಲ್ಲ, ಕಂಪನಿ ಅವನನ್ನು ಕೈಬಿಟ್ಟಿತು. ಆಗ ಅವನು ಗೆಳೆಯರನ್ನು ಕಟ್ಟಿಕೊಂಡು ಸುಮಾರು 160 ಕಿ.ಮೀ. ದೂರದ ಕ್ಲೋವಿಸ್‌ಗೆ ಹೋದ. ಅಲ್ಲಿ ಸ್ಟುಡಿಯೋ ನಡೆಸುತ್ತಿದ್ದ ನಾರ್ಮನ್ ಪೆಟ್ಟಿ ಗಂಟೆ ಲೆಕ್ಕದಲ್ಲಿ ಬಾಡಿಗೆ ಕೇಳುತ್ತಿರಲಿಲ್ಲ. ಕಿಸೆ ಖಾಲಿ ಇದ್ದ ಹುಡುಗರು ರಾತ್ರಿಯಿಡೀ ನುಡಿಸಿ, ತಪ್ಪಿದರೆ ಮತ್ತೆ ನುಡಿಸಬಹುದಿತ್ತು. 1957ರ ಫೆಬ್ರವರಿಯಲ್ಲಿ ‘ದಟ್ಲ್ ಬಿ ದ ಡೇ’ ಹಾಗೆ ದಾಖಲಾಯಿತು. ಇದೇ ಹಾಡನ್ನು ಅವನು ಹಿಂದೆ ಡೆಕ್ಕಾಗೆ ಹಾಡಿಕೊಟ್ಟಿದ್ದ. ಹಳೆಯ ಕರಾರಿನ ಪ್ರಕಾರ ಅದನ್ನು ಮತ್ತೆ ಹಾಡುವಂತಿರಲಿಲ್ಲವಾದ್ದರಿಂದ ತನ್ನ ಹೆಸರನ್ನು ಮರೆಮಾಡಿ ‘ದಿ ಕ್ರಿಕೆಟ್ಸ್’ ಎಂಬ ತಂಡದ ಹೆಸರಿನಲ್ಲಿ ಬಿಡುಗಡೆ ಮಾಡಬೇಕಾಯಿತು. ಇಲ್ಲಿ ಕ್ರಿಕೆಟ್ ಎಂದರೆ ಆಟವಲ್ಲ, ಜೀರುಂಡೆ. ಹಾಡು ಬರೆದವರ ಸಾಲಿನಲ್ಲಿ ಪೆಟ್ಟಿಯ ಹೆಸರೂ ಸೇರಿಕೊಂಡಿತು. ಸ್ಟುಡಿಯೋ ಬಾಡಿಗೆ ಇಲ್ಲ ಎಂದರೂ ಲೆಕ್ಕ ಬೇರೆ ದಾರಿಯಲ್ಲಿ ಚುಕ್ತಾ ಆಗುತ್ತಿತ್ತು.

ಸೆಪ್ಟೆಂಬರಿನಲ್ಲಿ ಆ ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿದಾಗ ಹಾಲಿ ಮನೆಯಲ್ಲಿರಲಿಲ್ಲ, ಬಸ್ ಪ್ರವಾಸದಲ್ಲಿದ್ದ. ಫ್ಯಾಟ್ಸ್ ಡಾಮಿನೊ, ಚಕ್ ಬೆರ್ರಿ, ಎವರ್ಲಿ ಸಹೋದರರು ಮುಂತಾದವರೆಲ್ಲ ಇದ್ದ ಆ ಮೇಳದಲ್ಲಿ ಒಬ್ಬೊಬ್ಬರಿಗೆ ಸಿಗುತ್ತಿದ್ದದ್ದು ಕೆಲವೇ ಹಾಡುಗಳಷ್ಟು ಹೊತ್ತು. ಉಳಿದದ್ದೆಲ್ಲ ರಸ್ತೆ. ದಕ್ಷಿಣದ ಕೆಲವು ನಗರಗಳಲ್ಲಿ ಕರಿಯರೂ ಬಿಳಿಯರೂ ಒಂದೇ ವೇದಿಕೆ ಏರುವುದಕ್ಕೆ ಅಡ್ಡಿಯಿತ್ತು. ಅಂಥ ಊರುಗಳಲ್ಲಿ ಬಿಳಿಯ ಗಾಯಕರು ಮೇಳದಿಂದ ಹೊರಗುಳಿಯುತ್ತಿದ್ದರು. ಒಟ್ಟಿಗೇ ಪಯಣಿಸಿದವರು ಒಟ್ಟಿಗೆ ಹಾಡುವಂತಿರಲಿಲ್ಲ. ಈ ಓಡಾಟದ ನಡುವೆ ಹೊಸ ಹಾಡುಗಳಿಗೂ ಬೇಡಿಕೆ ಇತ್ತು. ಸೆಪ್ಟೆಂಬರ್ ಕೊನೆಯಲ್ಲಿ ಓಕ್ಲಹೋಮ ಸಿಟಿಗೆ ಬಂದಾಗ ಪೆಟ್ಟಿ ತನ್ನ ಯಂತ್ರಗಳನ್ನು ಅಲ್ಲಿಗೇ ತಂದ. ಟಿಂಕರ್ ವಾಯುನೆಲೆಯ ಅಧಿಕಾರಿಗಳ ಕ್ಲಬ್ಬೇ ಸ್ಟುಡಿಯೋ ಆಯಿತು. ‘ಮೇಬಿ ಬೇಬಿ’ ದಾಖಲಾದದ್ದು ಅಲ್ಲಿ. ಮರುವರ್ಷದ ಮಾರ್ಚ್‌ನಲ್ಲಿ ಇಂಗ್ಲೆಂಡಿಗೆ ಹೋದಾಗ 25 ದಿನಗಳಲ್ಲಿ 50 ಪ್ರದರ್ಶನ.

ಇಷ್ಟು ದುಡಿದವನ ಕೈಯಲ್ಲಿ ಹಣ ಓಡಾಡಬೇಕಿತ್ತಲ್ಲ? ಹಾಡುಗಳ ಆದಾಯ ಪೆಟ್ಟಿಯ ಹತೋಟಿಯಲ್ಲಿದ್ದ ಖಾತೆಗೆ ಹೋಗುತ್ತಿತ್ತು. 1958ರ ಆಗಸ್ಟ್‌ನಲ್ಲಿ ಹಾಲಿ ಮರಿಯಾ ಎಲೆನಾಳನ್ನು ಮದುವೆಯಾಗಿ ನ್ಯೂಯಾರ್ಕಿನಲ್ಲಿ ಸಂಸಾರ ಹೂಡಿದ. ವರ್ಷದ ಕೊನೆಯ ಹೊತ್ತಿಗೆ ಪೆಟ್ಟಿಯಿಂದ ಬೇರೆಯಾದ, ಹಣ ವ್ಯಾಜ್ಯದಲ್ಲಿ ಸಿಕ್ಕಿಕೊಂಡಿತು. ಆ ಚಳಿಗಾಲದಲ್ಲಿ ಅವನು ಫ್ಲ್ಯಾಟಿನಲ್ಲಿ ಕುಳಿತು ತನ್ನದೇ ಟೇಪ್ ರೆಕಾರ್ಡರಿನಲ್ಲಿ ಗಿಟಾರ್ ಒಂದನ್ನೇ ಜೊತೆಗಿಟ್ಟುಕೊಂಡು ಹೊಸ ಹಾಡುಗಳನ್ನು ಹಾಡಿಟ್ಟ. ಹೆಂಡತಿ ಬಸುರಿ. ಸಂಸಾರಕ್ಕೆ ಹಣ ಬೇಕಿತ್ತು. ಹಾಗಾಗಿ ಜನವರಿಯಲ್ಲಿ ಮತ್ತೆ ಬಸ್ ಹತ್ತಿದ.

‘ವಿಂಟರ್ ಡ್ಯಾನ್ಸ್ ಪಾರ್ಟಿ’ ಎಂಬ ಆ ಪ್ರವಾಸದ ಪಟ್ಟಿಯಲ್ಲಿ 24 ದಿನಗಳಿಗೆ 24 ಊರುಗಳು. ಶುರುವಾದದ್ದು 1959ರ ಜನವರಿ 23ರಂದು, ಮಿಲ್ವಾಕಿಯಲ್ಲಿ. ನಕಾಶೆ ಹರಡಿಕೊಂಡು ಈ ಊರುಗಳ ಮೇಲೆ ಬೆರಳಾಡಿಸಿದರೆ ಸುತ್ತಿದ ಕಡೆಯೇ ಸುತ್ತುತ್ತೇವೆ. ಐಯೋವಾದ ಫೋರ್ಟ್ ಡಾಜ್‌ನಿಂದ ಉತ್ತರದ ಡುಲುತ್‌ಗೆ, ಅಲ್ಲಿಂದ ಪೂರ್ವದ ಗ್ರೀನ್ ಬೇಗೆ, ಮರುದಿನ ಮತ್ತೆ ಐಯೋವಾದ ಕ್ಲಿಯರ್ ಲೇಕ್‌ಗೆ. ಬಸ್ಸಿನ ಹೀಟರ್ ಕೆಡುತ್ತಿತ್ತು, ಬಸ್ಸೂ ಕೆಡುತ್ತಿತ್ತು. ಡುಲುತ್ ದಾಟಿದ ರಾತ್ರಿ ಹಿಮದಲ್ಲಿ ಬಸ್ ನಿಂತೇಹೋಯಿತು. ಡ್ರಮ್ಸ್ ನುಡಿಸುತ್ತಿದ್ದ ಕಾರ್ಲ್ ಬಂಚ್‌ನ ಪಾದಗಳು ಶೀತಕ್ಕೆ ಮರಗಟ್ಟಿ ಅವನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಮುಂದಿನ ಪ್ರದರ್ಶನಗಳಲ್ಲಿ ಗಾಯಕರೇ ಸರದಿಯ ಮೇಲೆ ಡ್ರಮ್ಸ್ ನುಡಿಸಿದರು. ಹಾಲಿಯೂ ನುಡಿಸಿದ.

ಫೆಬ್ರವರಿ 2 ಮೊದಲಿನ ಪಟ್ಟಿಯಲ್ಲಿ ಖಾಲಿ ಇದ್ದ ದಿನ. ಆ ಒಂದು ಬಿಡುವನ್ನೂ ಕ್ಲಿಯರ್ ಲೇಕ್‌ನ ಪ್ರದರ್ಶನ ನುಂಗಿತು. ಮುಂದಿನ ಊರು ಮೂರ್‌ಹೆಡ್, 500 ಕಿ.ಮೀ.ಗೂ ಹೆಚ್ಚು ದೂರ. ಇನ್ನೊಂದು ರಾತ್ರಿ ಬಸ್ಸಿನಲ್ಲಿ ಕಳೆಯಲು ಮನಸ್ಸಿಲ್ಲದ ಹಾಲಿ ತಲೆಗೆ 36 ಡಾಲರಿನಂತೆ ಪುಟ್ಟ ವಿಮಾನವೊಂದನ್ನು ಗೊತ್ತುಮಾಡಿದ. ಬೇಗ ತಲುಪಿದರೆ ಒಂದಿಷ್ಟು ನಿದ್ದೆ ಮಾಡಬಹುದಿತ್ತು, ಕೊಳೆಯಾದ ಬಟ್ಟೆ ಒಗೆಸಿಕೊಳ್ಳಬಹುದಿತ್ತು. ಮಧ್ಯರಾತ್ರಿ ಕಳೆದ ಮೇಲೆ ಹೊರಟ ವಿಮಾನ ಕೆಲವೇ ನಿಮಿಷಗಳಲ್ಲಿ ಹೊಲವೊಂದಕ್ಕೆ ಬಿತ್ತು. ಹಾಲಿಗೆ 22, ಜೊತೆಯ ಗಾಯಕರಾದ ರಿಚಿ ವಾಲೆನ್ಸ್‌ಗೆ 17, ಜೆ.ಪಿ. ರಿಚರ್ಡ್‌ಸನ್‌ಗೆ 28, ಪೈಲಟ್ ರೋಜರ್ ಪೀಟರ್ಸನ್‌ಗೆ 21. ಯಾರೂ ಉಳಿಯಲಿಲ್ಲ.

ಮುಂದೆ ಈ ಸಾವು ದಂತಕಥೆಯಾಯಿತು. ವಿಧಿ, ಹಿಮಪಾತ, ಸೀಟಿಗಾಗಿ ಚಿಮ್ಮಿದ ನಾಣ್ಯ ಎಲ್ಲ ಅದರಲ್ಲಿ ಸೇರಿಕೊಂಡವು. ವಿಧಿಯ ಮಾತು ಬಂದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಆ ರಾತ್ರಿ ಹವಾಮಾನ ಕೆಟ್ಟದ್ದು ನಿಜ. ಆದರೆ 22ರ ಹುಡುಗನೊಬ್ಬ ಹಿಮದ ರಾತ್ರಿಯಲ್ಲಿ ಆ ವಿಮಾನ ಹತ್ತುವಷ್ಟು ದಣಿದಿದ್ದನಲ್ಲ, ಆ ದಣಿವು ಆಕಾಶದಿಂದ ಇಳಿದದ್ದಲ್ಲ. ಊರುಗಳ ಪಟ್ಟಿಯನ್ನು ಮನುಷ್ಯರು ಬರೆದಿದ್ದರು, ಬಸ್ಸನ್ನು ಮನುಷ್ಯರು ಒದಗಿಸಿದ್ದರು, ಹಣದ ಖಾತೆ ಮನುಷ್ಯರ ಹತೋಟಿಯಲ್ಲಿತ್ತು.

ಆ ಸಂಜೆ ಮೂರ್‌ಹೆಡ್‌ನ ಪ್ರದರ್ಶನ ನಿಲ್ಲಲಿಲ್ಲ. ಸತ್ತವರ ಜಾಗ ತುಂಬಲು ಸ್ಥಳೀಯ ಹುಡುಗರನ್ನು ಕರೆದರು. ಅವರಲ್ಲಿ 15 ವರ್ಷದ ಬಾಬಿ ವೀಯೂ ಇದ್ದ. ಮುಂದೆ ಅವನೂ ಹೆಸರಾಂತ ಗಾಯಕನಾದ. ಕೊರೋನರ್ ಬರೆದಿಟ್ಟ ವರದಿಯಲ್ಲಿ ಹಾಲಿಯ ಬಳಿ ಸಿಕ್ಕ ವಸ್ತುಗಳ ಪಟ್ಟಿಯಿದೆ. ನಗದು 193 ಡಾಲರ್. ಅದರಲ್ಲಿ ಕೊರೋನರ್ ಶುಲ್ಕವೆಂದು 11.65 ಡಾಲರ್ ಮುರಿದುಕೊಂಡು ಉಳಿದದ್ದು 181.35.