ಸ್ಕಿಡ್ ಸ್ಟೀರ್ ಲೋಡರ್‌ನಲ್ಲಿ ಹೈಡ್ರಾಲಿಕ್ ಸೋರಿಕೆ

ಸ್ಕಿಡ್ ಸ್ಟೀರ್ ಲೋಡರ್‌ನಲ್ಲಿ ಹೈಡ್ರಾಲಿಕ್ ಸೋರಿಕೆ ಎಂದರೆ, ಯಂತ್ರದ ಎತ್ತುವ ತೋಳು, ಬಕೆಟ್ ಮತ್ತು ಚಕ್ರಗಳಿಗೆ ಶಕ್ತಿಯನ್ನು ಒಯ್ಯುವ ಎಣ್ಣೆಯು ತನ್ನ ಮಾರ್ಗದಿಂದ ಹೊರಕ್ಕೆ ಜಿನುಗುವುದು ಅಥವಾ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಒಳಗೊಳಗೇ ಹಾಯುವುದು. ಮೊದಲನೆಯದನ್ನು ಬಾಹ್ಯ ಸೋರಿಕೆ ಎಂದೂ ಎರಡನೆಯದನ್ನು ಆಂತರಿಕ ಸೋರಿಕೆ ಎಂದೂ ಕರೆಯಲಾಗುತ್ತದೆ. ಹಳೆಯ ಯಂತ್ರಗಳಲ್ಲಿ ಇದು ಅತ್ಯಂತ ಸಾಮಾನ್ಯವಾದ ದೋಷ. ದುರಸ್ತಿಯು ಬಹುತೇಕ ಸಂದರ್ಭಗಳಲ್ಲಿ ಒಂದು ಹೋಸ್ ಅಥವಾ ಒಂದು ಸೀಲ್ ಬದಲಾವಣೆಯಷ್ಟೇ ಆಗಿದ್ದರೂ, ಮೇಲೆತ್ತಿದ ತೋಳು ಕುಸಿಯುವುದರಿಂದ ಮತ್ತು ಒತ್ತಡದ ಎಣ್ಣೆ ಚರ್ಮವನ್ನು ಭೇದಿಸುವುದರಿಂದ ಪ್ರಾಣಾಪಾಯ ಹಾಗೂ ಅಂಗನಷ್ಟದ ಸಾಧ್ಯತೆ ಇರುವುದರಿಂದ, ಸೋರಿಕೆಯನ್ನು ಹುಡುಕುವ ವಿಧಾನವು ದುರಸ್ತಿಯಷ್ಟೇ ಮಹತ್ವದ್ದಾಗಿದೆ.

ಇತಿಹಾಸ

ಸ್ಕಿಡ್ ಸ್ಟೀರ್ ಲೋಡರ್ ಚಿಕ್ಕ ಗಾತ್ರದ, ಇದ್ದಲ್ಲಿಯೇ ಸುತ್ತು ತಿರುಗಬಲ್ಲ ಯಂತ್ರ. ಇದರ ಚಕ್ರಗಳು ಪಕ್ಕಕ್ಕೆ ಹೊರಳುವುದಿಲ್ಲ. ಎಡ ಮತ್ತು ಬಲ ಬದಿಯ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ಅಥವಾ ವಿರುದ್ಧ ದಿಕ್ಕಿನಲ್ಲಿ ತಿರುಗಿಸಿದಾಗ ಯಂತ್ರವು ನೆಲದ ಮೇಲೆ ಜಾರಿ ತಿರುಗುತ್ತದೆ. ಅಮೆರಿಕದ ಮಿನ್ನೆಸೋಟ ರಾಜ್ಯದ ಸಹೋದರರಾದ ಸಿರಿಲ್ ಕೆಲ್ಲರ್ ಮತ್ತು ಲೂಯಿಸ್ ಕೆಲ್ಲರ್ 1957ರ ಹೊತ್ತಿಗೆ ಕೋಳಿ ಸಾಕಣೆ ಕೇಂದ್ರವೊಂದರ ಗೊಬ್ಬರ ತೆಗೆಯಲು ಮೂರು ಚಕ್ರಗಳ ಲೋಡರ್ ಒಂದನ್ನು ರೂಪಿಸಿದರು. ಉತ್ತರ ಡಕೋಟದ ಮೆಲ್ರೋ ಸಂಸ್ಥೆಯು ಅದನ್ನು ಬೆಳೆಸಿ, 1960ರಲ್ಲಿ ನಾಲ್ಕು ಚಕ್ರಗಳ ಎಂ-400 ಮಾದರಿಯನ್ನು ಹೊರತಂದಿತು. 1962ರಿಂದ ಬಳಕೆಗೆ ಬಂದ 'ಬಾಬ್‌ಕ್ಯಾಟ್' ಎಂಬ ವ್ಯಾಪಾರನಾಮವನ್ನು ಭಾರತದ ಕಾಮಗಾರಿ ಸ್ಥಳಗಳಲ್ಲಿ ಈ ಬಗೆಯ ಯಾವುದೇ ಯಂತ್ರಕ್ಕೂ ಬಳಸುವುದುಂಟು.

ಕರ್ನಾಟಕದ ಹಿನ್ನೆಲೆ

ಕರ್ನಾಟಕದಲ್ಲಿ ಮಣ್ಣು ಸಾಗಣೆ ಯಂತ್ರಗಳ ತಯಾರಿಕೆಗೆ ಹೆಸರಾದ ಊರು ಕೋಲಾರ ಚಿನ್ನದ ಗಣಿ ಪ್ರದೇಶ, ಅಂದರೆ ಕೆ.ಜಿ.ಎಫ್. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ಕವಲು ರೈಲುಮಾರ್ಗದಲ್ಲಿ ಕೋರಮಂಡಲ್, ಊರ್ಗಾಂ, ಚಾಂಪಿಯನ್ ಮೊದಲಾದ ನಿಲ್ದಾಣಗಳಿವೆ. 1964ರಲ್ಲಿ ಸ್ಥಾಪನೆಯಾದ ಸಾರ್ವಜನಿಕ ವಲಯದ ಭಾರತ್ ಅರ್ಥ್ ಮೂವರ್ಸ್ ಲಿಮಿಟೆಡ್ (ಬೆಮೆಲ್) ಇಲ್ಲಿ ತನ್ನ ಕಾರ್ಖಾನೆ ಸಂಕೀರ್ಣವನ್ನು ಹೊಂದಿದ್ದು, ಬುಲ್ಡೋಜರ್ ಮತ್ತು ಅಗೆಯುವ ಯಂತ್ರಗಳ ಜೊತೆಗೆ ಅವುಗಳಿಗೆ ಬೇಕಾದ ಹೈಡ್ರಾಲಿಕ್ ಹಾಗೂ ಶಕ್ತಿ ಪ್ರಸರಣ ಭಾಗಗಳನ್ನೂ ತಯಾರಿಸುತ್ತದೆ. ಈ ಯಂತ್ರಗಳು ಸ್ಕಿಡ್ ಸ್ಟೀರ್ ಲೋಡರ್‌ಗಿಂತ ಹಲವು ಪಟ್ಟು ದೊಡ್ಡವು. ಆದರೂ ಪಂಪ್, ಕವಾಟ, ಸಿಲಿಂಡರ್, ಹೋಸ್ ಎಂಬ ಮೂಲ ಅಂಗಗಳು ಎರಡರಲ್ಲೂ ಒಂದೇ. ಸೋರಿಕೆಯ ಕಾರಣಗಳೂ ಒಂದೇ.

ಈ ಪ್ರದೇಶದ ಇನ್ನೊಂದು ಲಕ್ಷಣ ಧೂಳು. 2001ರ ಫೆಬ್ರವರಿ 28ರಂದು ಮುಚ್ಚಿದ ಗಣಿಗಳು ಒಂದು ಶತಮಾನಕ್ಕೂ ಹೆಚ್ಚು ಕಾಲ ಅರೆದು ಹೊರಚೆಲ್ಲಿದ ಅದಿರಿನ ಪುಡಿಯು 'ಸೈನೈಡ್ ದಿಬ್ಬ'ಗಳೆಂದು ಕರೆಯಲ್ಪಡುವ ಗುಡ್ಡಗಳಾಗಿ ನಿಂತಿದೆ. ಇದರ ಪ್ರಮಾಣ ಮೂರು ಕೋಟಿ ಟನ್‌ಗೂ ಹೆಚ್ಚು ಎಂದು ಅಂದಾಜಿಸಲಾಗಿದೆ. ಇಲ್ಲಿನ ಚಿನ್ನವು ಬೆಣಚುಕಲ್ಲಿನ ಪದರಗಳಲ್ಲಿ ದೊರೆಯುತ್ತಿದ್ದುದರಿಂದ ಈ ಪುಡಿಯಲ್ಲಿ ಬೆಣಚಿನ ಕಣಗಳಿವೆ. ಬೆಣಚು ಸಾಮಾನ್ಯ ಉಕ್ಕಿಗಿಂತ ಗಟ್ಟಿಯಾದ ಖನಿಜ. ಇಂತಹ ಧೂಳಿನಲ್ಲಿ ದುಡಿಯುವ ಯಾವುದೇ ಯಂತ್ರದ ಸೀಲ್‌ಗಳು ಬೇಗ ಸವೆಯುತ್ತವೆ.

ವ್ಯವಸ್ಥೆಯ ರಚನೆ

ಸ್ಕಿಡ್ ಸ್ಟೀರ್ ಲೋಡರ್‌ನಲ್ಲಿ ಸಾಮಾನ್ಯವಾಗಿ ಎರಡು ಹೈಡ್ರಾಲಿಕ್ ಮಂಡಲಗಳಿರುತ್ತವೆ. ಗಿಯರ್ ಪಂಪ್‌ನಿಂದ ಹೊರಡುವ ಎಣ್ಣೆಯು ನಿಯಂತ್ರಣ ಕವಾಟದ ಮೂಲಕ ತೋಳು ಮತ್ತು ಬಕೆಟ್ ಸಿಲಿಂಡರ್‌ಗಳಿಗೆ ಹೋಗುತ್ತದೆ. ಇನ್ನೊಂದು ಜೋಡಿ ಪಂಪ್‌ಗಳು ಎಡ ಮತ್ತು ಬಲ ಬದಿಯ ಚಾಲನಾ ಮೋಟಾರುಗಳನ್ನು ತಿರುಗಿಸುತ್ತವೆ. ಮೋಟಾರಿನ ತಿರುಗುವಿಕೆಯು ಚೈನ್ ಪೆಟ್ಟಿಗೆಯೊಳಗಿನ ಸರಪಳಿಗಳ ಮೂಲಕ ಚಕ್ರಗಳನ್ನು ತಲುಪುತ್ತದೆ. ಹಲವು ಮಾದರಿಗಳಲ್ಲಿ ಎರಡೂ ಮಂಡಲಗಳಿಗೆ ಒಂದೇ ಟ್ಯಾಂಕ್ ಇರುತ್ತದೆ. ಹೀಗಾಗಿ ಒಂದು ಕಡೆಯ ಸೋರಿಕೆಯಿಂದ ಇಡೀ ಯಂತ್ರವೇ ಎಣ್ಣೆಯ ಕೊರತೆಗೆ ಒಳಗಾಗುತ್ತದೆ. ಎತ್ತುವ ಮಂಡಲದ ಒತ್ತಡವು ಹಳೆಯ ಯಂತ್ರಗಳಲ್ಲಿ ಸುಮಾರು 150 ಬಾರ್ ಅಥವಾ ಅದಕ್ಕೂ ಹೆಚ್ಚಿರುತ್ತದೆ. ಕಾರಿನ ಟಯರಿನ ಗಾಳಿಯ ಒತ್ತಡ ಎರಡು ಬಾರ್‌ಗಿಂತ ಸ್ವಲ್ಪ ಹೆಚ್ಚು ಎಂಬುದನ್ನು ಹೋಲಿಕೆಗೆ ನೆನೆಯಬಹುದು.

ಕಾರಣಗಳು

ಹಳೆಯ ಯಂತ್ರಗಳಲ್ಲಿ ಸೋರಿಕೆಯ ಮುಖ್ಯ ಕಾರಣಗಳು ಇವು:

- ಹೋಸ್ ಸವೆತ: ತೋಳು ಏರಿಳಿಯುವಾಗ ಹೋಸ್ ಚೌಕಟ್ಟಿಗೆ ಉಜ್ಜಿ ಹೊರಪದರ ಕಿತ್ತುಹೋಗುತ್ತದೆ. ತೆರೆದುಕೊಂಡ ತಂತಿಯ ಹೆಣಿಗೆ ತುಕ್ಕು ಹಿಡಿದು ಕೊನೆಗೆ ಒಡೆಯುತ್ತದೆ.
- ಓ-ರಿಂಗ್ ಗಟ್ಟಿಯಾಗುವುದು: ನೈಟ್ರೈಲ್ ರಬ್ಬರಿನ ರಿಂಗ್ ವರ್ಷಗಟ್ಟಲೆ ಬಿಸಿ ಎಣ್ಣೆಯಲ್ಲಿದ್ದು ಚಪ್ಪಟೆಯಾಗುತ್ತದೆ, ಬಿರುಕು ಬಿಡುತ್ತದೆ.
- ಸಿಲಿಂಡರ್ ದಂಡದ ಗೀರು: ದಂಡದ ಕ್ರೋಮ್ ಲೇಪನ ಎದ್ದಿದ್ದರೆ ಅಥವಾ ಗೀರಿದ್ದರೆ ಹೊಸ ಸೀಲ್ ಕೂಡ ಕೆಲವೇ ದಿನಗಳಲ್ಲಿ ಹರಿಯುತ್ತದೆ.
- ಹೊಂದದ ಜೋಡಣೆಗಳು: ಬೇರೆ ಬೇರೆ ದೇಶಗಳ ಯಂತ್ರಗಳಲ್ಲಿ ಜೋಡಣೆಯ ಶಂಕುವಿನ ಕೋನ ಬೇರೆಯಾಗಿರುತ್ತದೆ. ಅಮೆರಿಕದ ಜೆಐಸಿ ಮಾದರಿಯಲ್ಲಿ ಅದು 37 ಡಿಗ್ರಿ, ಬ್ರಿಟಿಷ್ ಬಿಎಸ್‌ಪಿ ಮಾದರಿಯಲ್ಲಿ ಎದುರುಬದಿಗಳ ನಡುವೆ ಅಳೆದಾಗ 60 ಡಿಗ್ರಿ. ನಟ್ ಹೇಗೋ ಕೂತರೂ ಮುಖಗಳು ಹೊಂದದೆ ಎಣ್ಣೆ ಜಿನುಗುತ್ತದೆ.
- ಮೋಟಾರು ದಂಡದ ಸೀಲ್: ಇದು ಹರಿದರೆ ಎಣ್ಣೆ ನೆಲಕ್ಕೆ ಬೀಳದೆ ಚೈನ್ ಪೆಟ್ಟಿಗೆಯೊಳಗೆ ಸೇರುತ್ತದೆ. ಟ್ಯಾಂಕಿನಲ್ಲಿ ಎಣ್ಣೆ ಇಳಿಯುತ್ತಿದ್ದು ನೆಲದಲ್ಲಿ ಕಲೆ ಕಾಣದಿದ್ದಾಗ ಚೈನ್ ಪೆಟ್ಟಿಗೆಯ ಮಟ್ಟವನ್ನು ಪರೀಕ್ಷಿಸಲಾಗುತ್ತದೆ.

ಒಂದೇ ಜಾಗದಲ್ಲಿ ಸೀಲ್ ಮತ್ತೆ ಮತ್ತೆ ಹೋಗುತ್ತಿದ್ದರೆ ದೋಷ ಸೀಲ್‌ನದಲ್ಲ. ಗೀರುಬಿದ್ದ ದಂಡ, ಸವೆದ ಬುಷ್, ಕೊಳಕು ಎಣ್ಣೆ ಅಥವಾ ಮಿತಿಮೀರಿ ಹೊಂದಿಸಿದ ಒತ್ತಡ ನಿಯಂತ್ರಕ ಕವಾಟ ಅದರ ಹಿಂದಿರುತ್ತದೆ.

ಅಪಾಯಗಳು

ಮೊದಲ ಅಪಾಯ ತೋಳಿನದು. ಮೇಲೆತ್ತಿದ ತೋಳನ್ನು ಹಿಡಿದಿಡುವುದು ಎಣ್ಣೆ ಮಾತ್ರ. ಹೋಸ್ ಸಡಿಲಿಸಿದ ಕ್ಷಣವೇ ತೋಳು ಕೆಳಗಿರುವವರ ಮೇಲೆ ಕುಸಿಯುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತೆಯ ರಾಷ್ಟ್ರೀಯ ಸಂಸ್ಥೆಯು 1998ರಲ್ಲಿ ಸ್ಕಿಡ್ ಸ್ಟೀರ್ ಲೋಡರ್‌ಗಳ ಬಗೆಗೇ ಪ್ರತ್ಯೇಕ ಎಚ್ಚರಿಕೆ ಪ್ರಕಟಿಸಿ, ತೋಳು ಮತ್ತು ಚೌಕಟ್ಟಿನ ನಡುವೆ ಸಿಲುಕಿ ಆಗುವ ಸಾವುಗಳತ್ತ ಗಮನ ಸೆಳೆಯಿತು.

ಎರಡನೆಯ ಅಪಾಯ ಕಣ್ಣಿಗೆ ಕಾಣದ್ದು. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆಯ ಎಳೆಯು ಕೈಗವಸನ್ನೂ ಚರ್ಮವನ್ನೂ ಭೇದಿಸಿ ಒಳಹೋಗಬಲ್ಲದು. ಡೀಸೆಲ್ ಎಂಜಿನ್‌ನ ಇಂಧನವು ಹೀಗೆ ದೇಹವನ್ನು ಹೊಕ್ಕ ಪ್ರಕರಣವೊಂದು 1937ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. ಗಾಯವು ಮುಳ್ಳು ಚುಚ್ಚಿದಂತೆ ಸಣ್ಣದಾಗಿ ಕಾಣುತ್ತದೆ, ಆರಂಭದಲ್ಲಿ ನೋವೂ ಕಡಿಮೆ. ಆದರೆ ಎಣ್ಣೆಯು ಒಳಗಿನ ಸ್ನಾಯುರಜ್ಜುಗಳ ಉದ್ದಕ್ಕೂ ಹರಡಿ, ಕೆಲವೇ ಗಂಟೆಗಳಲ್ಲಿ ಬಾವು ಬಂದು ರಕ್ತಸಂಚಾರ ನಿಲ್ಲುತ್ತದೆ. ತಡವಾದಷ್ಟೂ ಬೆರಳು ಅಥವಾ ಕೈಯನ್ನು ಕತ್ತರಿಸಬೇಕಾಗುವ ಸಂಭವ ಹೆಚ್ಚು. ಆದ್ದರಿಂದ ಇಂತಹ ಗಾಯಕ್ಕೆ ಪಟ್ಟಿ ಕಟ್ಟಿ ಕಾಯದೆ, ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ತಕ್ಷಣ ಹೋಗಬೇಕು. 'ಒತ್ತಡದ ಎಣ್ಣೆ ಒಳಗೆ ಹೋಗಿದೆ' ಎಂದು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸುವುದು ಅತ್ಯಗತ್ಯ. ಹಾಗೆ ಹೇಳದಿದ್ದರೆ ಅದನ್ನು ಸಾಮಾನ್ಯ ಚುಚ್ಚುಗಾಯವೆಂದು ಭಾವಿಸುವ ಸಾಧ್ಯತೆ ಇದೆ.

ಸೋರಿಕೆಯ ಪತ್ತೆ

ಯಂತ್ರವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಬಕೆಟ್ ನೆಲಕ್ಕೆ ತಾಗುವಂತೆ ಇಳಿಸಿ, ಎಂಜಿನ್ ನಿಲ್ಲಿಸಲಾಗುತ್ತದೆ. ಆಮೇಲೆ ನಿಯಂತ್ರಣ ಹಿಡಿಕೆಗಳನ್ನು ಹಿಂದೆ ಮುಂದೆ ಆಡಿಸಿ ಉಳಿದ ಒತ್ತಡವನ್ನು ಬಿಡಲಾಗುತ್ತದೆ. ಕೆಲಸಕ್ಕೆ ತೋಳು ಮೇಲಿರಲೇಬೇಕಾದರೆ, ತಯಾರಕರು ಒದಗಿಸಿದ ಉಕ್ಕಿನ ತೋಳು-ಆಧಾರ ಅಥವಾ ಲಾಕ್ ಪಿನ್ ಹಾಕಿರಬೇಕು. ಜಾಕ್ ಅಥವಾ ಮರದ ತುಂಡು ಇದಕ್ಕೆ ಬದಲಿಯಲ್ಲ.

ಹಳೆಯ ಯಂತ್ರದ ಹೊಟ್ಟೆಯಲ್ಲಿ ಎಣ್ಣೆ ಮತ್ತು ಧೂಳು ಬೆರೆತು ದಪ್ಪ ಮಡ್ಡಿಯಾಗಿರುತ್ತದೆ. ಅದನ್ನು ತೊಳೆದು ಒಣಗಿಸಿದ ನಂತರವೇ ಹೊಸ ಎಣ್ಣೆ ಎಲ್ಲಿಂದ ಬರುತ್ತಿದೆ ಎಂಬುದು ತಿಳಿಯುತ್ತದೆ. ಎಣ್ಣೆಯು ಕೆಳಕ್ಕೆ ಹರಿಯುವುದರಿಂದ, ಒದ್ದೆಯಾದ ಭಾಗಗಳಲ್ಲಿ ಅತ್ಯಂತ ಮೇಲಿನದೇ ಸಾಮಾನ್ಯವಾಗಿ ಮೂಲ. ಎಂಜಿನ್ ಓಡುತ್ತಿರುವಾಗ ಪರೀಕ್ಷಿಸಬೇಕಾದರೆ ಕನ್ನಡಕ ಧರಿಸಿ, ಉದ್ದನೆಯ ರಟ್ಟಿನ ತುಂಡನ್ನು ಅನುಮಾನವಿರುವ ಜಾಗದ ಬಳಿ ಆಡಿಸಲಾಗುತ್ತದೆ. ಎಣ್ಣೆ ಚಿಮ್ಮುತ್ತಿದ್ದರೆ ರಟ್ಟಿನ ಮೇಲೆ ಕಲೆ ಮೂಡುತ್ತದೆ. ಬರಿಗೈಯಿಂದಾಗಲಿ ಕೈಗವಸು ಹಾಕಿದ ಕೈಯಿಂದಾಗಲಿ ತಡಕಿ ನೋಡುವುದು ನಿಷಿದ್ಧ.

ನೆಲದಲ್ಲಿ ಎಣ್ಣೆ ಇಲ್ಲದಿದ್ದರೂ ಎತ್ತಿದ ತೋಳು ತಾನಾಗಿ ನಿಧಾನಕ್ಕೆ ಇಳಿಯುತ್ತಿದ್ದರೆ, ಪಿಸ್ಟನ್ ಸೀಲ್ ಅಥವಾ ನಿಯಂತ್ರಣ ಕವಾಟದಲ್ಲಿ ಆಂತರಿಕ ಸೋರಿಕೆ ಇದೆ ಎಂದರ್ಥ.

ಸೋರಿಕೆಯ ಪ್ರಮಾಣವನ್ನು ಹನಿಗಳಿಂದ ಅಂದಾಜಿಸಬಹುದು. ಒಂದು ಮಿಲಿಲೀಟರ್‌ಗೆ 20 ಹನಿಗಳೆಂದು ಹಿಡಿದರೆ, ಸೆಕೆಂಡಿಗೆ ಒಂದು ಹನಿಯಂತೆ ಎಂಟು ಗಂಟೆಗಳಲ್ಲಿ ಸುಮಾರು 1.4 ಲೀಟರ್ ಎಣ್ಣೆ ನಷ್ಟವಾಗುತ್ತದೆ.

ದುರಸ್ತಿ

ಹೋಸ್ ಬದಲಿಸುವಾಗ ಒಳವ್ಯಾಸ, ಉದ್ದ, ಒತ್ತಡದ ದರ್ಜೆ ಮತ್ತು ಎರಡೂ ತುದಿಗಳ ಜೋಡಣೆಗಳು ಹಳೆಯದಕ್ಕೆ ಹೊಂದಬೇಕು. ಹಳೆಯ ಹೋಸ್ ಅನ್ನೇ ಮಾದರಿಯಾಗಿ ಕೊಟ್ಟು ಕ್ರಿಂಪಿಂಗ್ ಅಂಗಡಿಯಲ್ಲಿ ಹೊಸದನ್ನು ಮಾಡಿಸುವುದು ವಾಡಿಕೆ. ತಂತಿಯ ಎರಡು ಹೆಣಿಗೆಗಳುಳ್ಳ ಹೋಸ್ ಇದ್ದ ಜಾಗದಲ್ಲಿ ಒಂದೇ ಹೆಣಿಗೆಯದನ್ನು ಹಾಕುವುದು ಅಪಾಯಕರ. ಬಿಚ್ಚಿದ ತುದಿಗಳಿಗೆ ಕೂಡಲೇ ಮುಚ್ಚಳ ಹಾಕಲಾಗುತ್ತದೆ. ಹೊಸ ಹೋಸ್ ತಿರುಚಿಕೊಳ್ಳದಂತೆ, ಎಲ್ಲಿಯೂ ಉಜ್ಜದಂತೆ ಕ್ಲ್ಯಾಂಪ್ ಮಾಡಬೇಕು.

ಜಿನುಗುವ ಜೋಡಣೆಯನ್ನು ಒತ್ತಡವಿರುವಾಗ ಬಿಗಿಗೊಳಿಸಬಾರದು. ಮಿತಿಮೀರಿ ಬಿಗಿದರೆ ಶಂಕುವಿನ ಮುಖ ಬಿರುಕು ಬಿಡುತ್ತದೆ. ಶಂಕು ಅಥವಾ ಓ-ರಿಂಗ್ ಜೋಡಣೆಗೆ ಟೆಫ್ಲಾನ್ ಟೇಪ್ ಸುತ್ತುವುದರಿಂದ ಪ್ರಯೋಜನವಿಲ್ಲ, ಅದರ ಚೂರುಗಳು ಕವಾಟದಲ್ಲಿ ಸಿಕ್ಕಿಕೊಳ್ಳುತ್ತವೆ.

ಸಿಲಿಂಡರ್‌ನ ಸೀಲ್ ಬದಲಿಸಲು ಅದನ್ನು ಯಂತ್ರದಿಂದ ಕಳಚಿ, ಗ್ಲ್ಯಾಂಡ್ ಬಿಚ್ಚಿ, ದಂಡವನ್ನು ಹೊರತೆಗೆಯಲಾಗುತ್ತದೆ. ಸೋರುವ ಒಂದನ್ನೇ ಬದಲಿಸದೆ ಸೀಲ್ ಕಿಟ್‌ನ ಎಲ್ಲ ಭಾಗಗಳನ್ನೂ, ಅದರಲ್ಲೂ ಧೂಳನ್ನು ಒರೆಸುವ ವೈಪರ್ ಸೀಲ್ ಅನ್ನು, ಹಾಕುವುದು ಉತ್ತಮ. ಸೀಲ್‌ನ ತುಟಿ ಯಾವ ದಿಕ್ಕಿಗಿತ್ತು ಎಂಬುದನ್ನು ಬಿಚ್ಚುವಾಗಲೇ ಗುರುತಿಸಿಕೊಳ್ಳಬೇಕು, ಏಕೆಂದರೆ ತುಟಿಯು ಒತ್ತಡದ ಕಡೆಗಿರಬೇಕು. ಗೀರುಬಿದ್ದ ದಂಡಕ್ಕೆ ಮತ್ತೆ ಕ್ರೋಮ್ ಲೇಪನ ಮಾಡಿಸಬೇಕು ಅಥವಾ ದಂಡವನ್ನೇ ಬದಲಿಸಬೇಕು.

ಎಣ್ಣೆಯನ್ನು ತಯಾರಕರ ಕೈಪಿಡಿಯಂತೆ ತುಂಬಲಾಗುತ್ತದೆ. ಕೆಲವು ಹಳೆಯ ಮಾದರಿಗಳಿಗೆ ಹೈಡ್ರಾಲಿಕ್ ಎಣ್ಣೆಯ ಬದಲು ಎಂಜಿನ್ ಆಯಿಲ್ ಅನ್ನೇ ಸೂಚಿಸಲಾಗಿದೆ. ನಂತರ ಎಂಜಿನ್ ಅನ್ನು ಕಡಿಮೆ ವೇಗದಲ್ಲಿ ಓಡಿಸಿ, ಭಾರವಿಲ್ಲದೆ ತೋಳು ಮತ್ತು ಬಕೆಟ್ ಅನ್ನು ಕೆಲವು ಬಾರಿ ಆಡಿಸಿ ಒಳಗಿನ ಗಾಳಿಯನ್ನು ಹೊರಹಾಕಲಾಗುತ್ತದೆ. ತೋಳು ಇಳಿಸಿ, ಎಂಜಿನ್ ನಿಲ್ಲಿಸಿ, ಎಣ್ಣೆಯ ಮಟ್ಟವನ್ನೂ ಜೋಡಣೆಗಳನ್ನೂ ಮತ್ತೊಮ್ಮೆ ಪರೀಕ್ಷಿಸಿದ ಬಳಿಕ ಯಂತ್ರವನ್ನು ಕೆಲಸಕ್ಕೆ ಬಿಡಲಾಗುತ್ತದೆ.

ಪರಿಸರ ಮತ್ತು ಕಾನೂನು

ಭಾರತದಲ್ಲಿ ಬಳಸಿದ ಎಣ್ಣೆಯು 2016ರ ಅಪಾಯಕಾರಿ ತ್ಯಾಜ್ಯ ನಿರ್ವಹಣಾ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಅದನ್ನು ನೆಲಕ್ಕೆ ಅಥವಾ ಚರಂಡಿಗೆ ಸುರಿಯದೆ, ಅಧಿಕೃತ ಮರುಬಳಕೆದಾರರಿಗೆ ನೀಡಬೇಕು. ರಾಜ್ಯದಲ್ಲಿ ಈ ಅನುಮತಿಯನ್ನು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ನೀಡುತ್ತದೆ. ನೆಲಕ್ಕೆ ಚೆಲ್ಲಿದ ಎಣ್ಣೆಯನ್ನು ಮರಳು ಅಥವಾ ಮರದ ಹೊಟ್ಟಿನಿಂದ ಹೀರಿಸಿ ತೆಗೆಯಲಾಗುತ್ತದೆ. ಹೀಗೆ ಎಣ್ಣೆ ಹೀರಿದ ಮರಳು, ಹೊಟ್ಟು ಮತ್ತು ಬಟ್ಟೆಯನ್ನೂ ಸಾಮಾನ್ಯ ಕಸದೊಂದಿಗೆ ಬೆರೆಸುವಂತಿಲ್ಲ.